ಪಂದ್ಯಪೂರ್ವದ ನಿರೀಕ್ಷೆ: ಕಾಲ್ಚೆಂಡಾಟದ ಅಭಿಮಾನಿಯ ಮನೋಧರ್ಮವನ್ನು ಕುರಿತು ಒಂದು ವಿವೇಚನೆ

1. ವಿಷಯಪ್ರವೇಶ

ಆಟೋಟಗಳನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಆಟಗಾರನ ಸುತ್ತಲೇ ತಿರುಗುತ್ತದೆ. ಅವನ ಅಭ್ಯಾಸ, ದೇಹಶಕ್ತಿ, ಚಾತುರ್ಯ ಇವೇ ಅಲ್ಲಿ ಚರ್ಚೆಯ ವಿಷಯಗಳು. ನೋಡುವವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಆದರೆ ಲೆಕ್ಕ ಹಾಕಿದರೆ, ಆಟಗಾರರ ಸಂಖ್ಯೆ ಇಪ್ಪತ್ತೆರಡು. ಒಂದು ದೊಡ್ಡ ಪಂದ್ಯವನ್ನು ಕಾದು ಕುಳಿತವರ ಸಂಖ್ಯೆ ಲಕ್ಷ, ಕೋಟಿಗಳಲ್ಲಿ. ಆಟ ನಡೆಯುವುದು ತೊಂಬತ್ತು ನಿಮಿಷ. ಅದನ್ನು ಕುರಿತ ನಿರೀಕ್ಷೆ ನಡೆಯುವುದು ಹಲವು ದಿನ, ಕೆಲವೊಮ್ಮೆ ಹಲವು ತಿಂಗಳು. ಕಾಲದ ದೃಷ್ಟಿಯಿಂದಲೂ ಜನಸಂಖ್ಯೆಯ ದೃಷ್ಟಿಯಿಂದಲೂ ಪಂದ್ಯಕ್ಕಿಂತ ಪಂದ್ಯದ ನಿರೀಕ್ಷೆಯೇ ದೊಡ್ಡ ಸಾಮಾಜಿಕ ವ್ಯಾಪಾರವೆಂದರೆ ತಪ್ಪಾಗಲಾರದು.

ಈ ನಿರೀಕ್ಷೆ ಎಂಬುದು ಯಾವ ವಸ್ತುಗಳಿಂದ ಕೂಡಿದೆ, ಅದು ಏಕೆ ಪದೇ ಪದೇ ಹುಸಿಯಾಗುತ್ತದೆ, ಹುಸಿಯಾದಾಗ ಉಂಟಾಗುವ ಪರಿಣಾಮಗಳೇನು, ಅದನ್ನು ಶಿಕ್ಷಿತ ಬುದ್ಧಿಗೆ ಒಳಪಡಿಸುವ ಬಗೆ ಉಂಟೆ ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ. ನಮ್ಮ ಕಣ್ಣ ಮುಂದಿರುವ ಅಭಿಮಾನಿ ಕಲಬುರಗಿ ನಗರದವನು ಅಥವಾ ಅಲ್ಲಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ನಾಲ್ವತ್ತು ಕಿಲೋಮೀಟರಿಗೆ ಒಳಗೇ ಸಿಗುವ ಕಮಲಾಪುರದವನು. ಅವನನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಅವನು ಮೈದಾನದಿಂದ ದೂರದಲ್ಲಿರುವ ಅಭಿಮಾನಿ. ದೂರವು ನಿರೀಕ್ಷೆಯ ಸ್ವರೂಪವನ್ನು ಬದಲಿಸುತ್ತದೆ; ಆದುದರಿಂದ ಅವನ ಮನಸ್ಸಿನಲ್ಲಿ ನಿರೀಕ್ಷೆಯ ಅಂಗಾಂಗಗಳು ಹೆಚ್ಚು ಬಿಡಿಬಿಡಿಯಾಗಿ ಕಾಣಸಿಗುತ್ತವೆ.

2. ಅಂದಾಜು ಮತ್ತು ಆಶೆ

'ನಾಳೆ ನಮ್ಮ ತಂಡ ಗೆಲ್ಲುತ್ತದೆ' ಎಂಬ ಮಾತನ್ನು ತೆಗೆದುಕೊಳ್ಳೋಣ. ವ್ಯಾಕರಣದ ದೃಷ್ಟಿಯಿಂದ ಇದು ಒಂದೇ ವಾಕ್ಯ. ಅರ್ಥದ ದೃಷ್ಟಿಯಿಂದ ಇದರಲ್ಲಿ ಎರಡು ವಾಕ್ಯಗಳು ಅಡಗಿವೆ. 'ತಿಳಿದಿರುವ ಸಂಗತಿಗಳನ್ನು ತೂಗಿ ನೋಡಿದರೆ ಗೆಲವು ಸಂಭವನೀಯ' ಎಂಬುದು ಒಂದು. 'ಗೆಲ್ಲಲಿ' ಎಂಬುದು ಇನ್ನೊಂದು. ಮೊದಲನೆಯದು ಅಂದಾಜು, ಎರಡನೆಯದು ಆಶೆ. ಅಂದಾಜನ್ನು ಸಾಕ್ಷ್ಯದಿಂದ ತಿದ್ದಬಹುದು. ಆಶೆಗೆ ಸಾಕ್ಷ್ಯದ ಹಂಗಿಲ್ಲ. ಅಭಿಮಾನಿಯ ನಾಲಗೆಯ ಮೇಲೆ ಇವೆರಡೂ ಒಂದೇ ಕ್ರಿಯಾಪದದಲ್ಲಿ ಬೆಸೆದುಕೊಳ್ಳುತ್ತವೆ. ಅವನಿಗೂ ಅವುಗಳ ನಡುವಿನ ಗೆರೆ ಕಾಣುವುದಿಲ್ಲ.

ರೈತನ ನಿರೀಕ್ಷೆಯೊಡನೆ ಇದನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಕಲಬುರಗಿ ತೊಗರಿಯ ನಾಡು. ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಇಲ್ಲಿಯ ರೈತನೂ ಮುಂಗಾರಿನ ವಿಷಯದಲ್ಲಿ ಆಶೆಯನ್ನೂ ಅಂದಾಜನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತಾನೆ. ಆದರೆ ಅವನು ಆಶೆಯೊಂದನ್ನೇ ನಂಬಿ ಬಿತ್ತುವುದಿಲ್ಲ. ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಹಾಕುತ್ತಾನೆ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕಾಚಾರ ಅದರಲ್ಲಿದೆ. ಅಂದಾಜು ತಪ್ಪಿದರೆ ಹೊಲದಲ್ಲಿ ನಷ್ಟವಾಗುತ್ತದೆ ಎಂಬ ಅರಿವೇ ಅವನ ಆಶೆಗೆ ಅಂಕೆ ಹಾಕುತ್ತದೆ. ಅಭಿಮಾನಿಯ ನಿರೀಕ್ಷೆಗೆ ಅಂಥ ಅಂಕೆಯಿಲ್ಲ. ತಪ್ಪಾಗಿ ಊಹಿಸಿದವನಿಗೆ ದಂಡವಿಲ್ಲ. ಸರಿಯಾಗಿ ಊಹಿಸಿದವನಿಗೆ ಫಸಲಿಲ್ಲ. ಹೀಗಾಗಿ ಆಶೆ ಅಂದಾಜಿನ ಸ್ಥಾನವನ್ನು ಸದ್ದಿಲ್ಲದೆ ಆಕ್ರಮಿಸುತ್ತದೆ.

ಆಶೆಯು ಮುಂದಿನದನ್ನು ಮಾತ್ರವಲ್ಲ, ಕಣ್ಣೆದುರಿಗಿನದನ್ನೂ ಬಣ್ಣಿಸಬಲ್ಲುದು ಎಂಬುದಕ್ಕೆ ಪ್ರಸಿದ್ಧವಾದ ಒಂದು ಅಧ್ಯಯನವಿದೆ. 1951ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ನಡುವೆ ಆ ದೇಶದ ಮಾದರಿಯ ಫುಟ್‌ಬಾಲ್ ಪಂದ್ಯವೊಂದು ನಡೆಯಿತು. ಆಟ ಒರಟಾಗಿತ್ತು. ಹ್ಯಾಸ್ಟೋರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ ನಿಯಮಭಂಗಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳನ್ನು ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗಳು ಡಾರ್ಟ್‌ಮತ್ತಿನ ವಿದ್ಯಾರ್ಥಿಗಳಿಗಿಂತ ಎರಡು ಪಟ್ಟಿಗೂ ಮಿಕ್ಕಿ ಎಣಿಸಿದರು. ಚಿತ್ರ ಒಂದೇ, ನೋಡಿದ ಆಟ ಎರಡು. 1954ರಲ್ಲಿ ಪ್ರಕಟವಾದ ಈ ಫಲಿತಾಂಶವು ಅಭಿಮಾನದ ಅಧ್ಯಯನಕ್ಕೆ ಒಂದು ಅಡಿಗಲ್ಲಾಯಿತು. ಕಂಡದ್ದರಲ್ಲಿಯೇ ಇಷ್ಟು ವ್ಯತ್ಯಾಸವಿರುವಾಗ, ಇನ್ನೂ ಕಾಣದ ನಾಳೆಯ ಪಂದ್ಯದ ಬಗ್ಗೆ ವ್ಯತ್ಯಾಸ ಎಷ್ಟಿರಬಹುದೆಂಬುದನ್ನು ವಾಚಕರೇ ಊಹಿಸಬಹುದು.

3. ಗೋಲುಗಳ ಗಣಿತ

ನಿರೀಕ್ಷೆ ಹುಸಿಯಾಗುವುದಕ್ಕೆ ಅಭಿಮಾನಿಯ ಮನಸ್ಸಷ್ಟೇ ಕಾರಣವಲ್ಲ. ಕಾಲ್ಚೆಂಡಾಟದ ರಚನೆಯೂ ಒಂದು ಕಾರಣ. ಈ ಆಟದಲ್ಲಿ ಗೋಲು ವಿರಳ. ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಎರಡು ತಂಡಗಳೂ ಸೇರಿ ಒಂದು ಪಂದ್ಯಕ್ಕೆ ಸರಾಸರಿ ಎರಡೂವರೆಯಿಂದ ಮೂರು ಗೋಲುಗಳ ಆಸುಪಾಸಿನಲ್ಲಿರುತ್ತವೆ. ವಿರಳವಾಗಿ, ಬಿಡಿಬಿಡಿಯಾಗಿ ಸಂಭವಿಸುವ ಘಟನೆಗಳಿಗೆ ಫ್ರೆಂಚ್ ಗಣಿತಜ್ಞ ಪ್ವಾಸಾನ್ 1837ರಲ್ಲಿ ಒಂದು ಸೂತ್ರವನ್ನು ಕೊಟ್ಟನು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸನು ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದೆದು ಸತ್ತವರ ಲೆಕ್ಕಕ್ಕೆ ಅದನ್ನು ಅನ್ವಯಿಸಿ ಪ್ರಸಿದ್ಧಿಗೆ ತಂದನು. ಗೋಲುಗಳೂ ಸ್ಥೂಲವಾಗಿ ಅದೇ ಸೂತ್ರವನ್ನು ಅನುಸರಿಸುತ್ತವೆಂಬುದು ಆಮೇಲೆ ಕಂಡುಬಂದಿತು.

ಈಗ ಒಂದು ಉದಾಹರಣೆ. ಒಂದು ತಂಡ ಪಂದ್ಯಕ್ಕೆ ಸರಾಸರಿ 1.6 ಗೋಲು ಹೊಡೆಯಬಲ್ಲುದು, ಎದುರಾಳಿ 1.0 ಗೋಲು. ಎಂದರೆ ಮೊದಲನೆಯ ತಂಡದ ಬಲ ಎರಡನೆಯದಕ್ಕಿಂತ ನೂರಕ್ಕೆ ಅರುವತ್ತರಷ್ಟು ಹೆಚ್ಚು. ಸಾಮಾನ್ಯ ಅಭಿಮಾನಿಯ ದೃಷ್ಟಿಯಲ್ಲಿ ಇದು ಗೆದ್ದ ಪಂದ್ಯವೇ ಸರಿ. ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ ದೊರೆಯುವ ಸಂಭವನೀಯತೆಗಳು ಹೀಗಿವೆ: ಬಲಿಷ್ಠ ತಂಡ ಗೆಲ್ಲುವುದು ನೂರಕ್ಕೆ 51, ಸಮನಾಗುವುದು 25, ದುರ್ಬಲ ತಂಡ ಗೆಲ್ಲುವುದು 24. ಇಷ್ಟು ಬಲದ ಅಂತರವಿದ್ದೂ, ಗೆಲ್ಲದೆ ಇರುವ ಸಂಭವ ಹೆಚ್ಚು ಕಡಿಮೆ ಅರ್ಧಕ್ಕರ್ಧ.

ಇದನ್ನು ನಮ್ಮ ಭಾಗದ ಜನಕ್ಕೆ ಚಿರಪರಿಚಿತವಾದ ಕಬಡ್ಡಿಯೊಡನೆ ಹೋಲಿಸೋಣ. ಅಲ್ಲಿ ಅಂಕಗಳು ಹತ್ತುಗಳಲ್ಲಿ ಬರುತ್ತವೆ. ಅದೇ ಪ್ರಮಾಣದ ಬಲದ ಅಂತರವನ್ನು ಇಟ್ಟುಕೊಂಡು ಒಂದು ತಂಡದ ಸರಾಸರಿ 40, ಇನ್ನೊಂದರದು 25 ಎನ್ನೋಣ. ಅಂಕಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆಂದು ಸರಳವಾಗಿ ಭಾವಿಸಿ ಲೆಕ್ಕ ಮಾಡಿದರೆ, ದುರ್ಬಲ ತಂಡ ಗೆಲ್ಲುವ ಸಂಭವ ನೂರಕ್ಕೆ ಸುಮಾರು 3 ಮಾತ್ರ. ಅನುಪಾತ ಎರಡು ಕಡೆಯೂ ಒಂದೇ, ಫಲದಲ್ಲಿ ಅಜಗಜಾಂತರ. ಎಣಿಕೆಗಳು ಹೆಚ್ಚಾದಷ್ಟೂ ಆಕಸ್ಮಿಕಗಳು ಒಂದನ್ನೊಂದು ತೊಡೆದುಹಾಕಿ ಬಲವು ಮೇಲೆ ತೇಲುತ್ತದೆ. ಎಣಿಕೆ ಕಡಿಮೆಯಾದಲ್ಲಿ ಒಂದು ಜಾರಿದ ಹೆಜ್ಜೆ, ಕಂಬಕ್ಕೆ ಬಡಿದ ಒಂದು ಚೆಂಡು ಇಡೀ ಸಂಜೆಯ ತೀರ್ಪನ್ನು ಬದಲಿಸುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. 'ಮುಂದಿನ ಮೂರು ಪಂದ್ಯಗಳನ್ನೂ ಗೆದ್ದರೆ ಸಾಕು' ಎಂದು ಅಭಿಮಾನಿ ಸಲೀಸಾಗಿ ಹೇಳುತ್ತಾನೆ. ಪ್ರತಿಯೊಂದರಲ್ಲಿಯೂ ಗೆಲ್ಲುವ ಸಂಭವ ನೂರಕ್ಕೆ 51 ಎಂದಿಟ್ಟುಕೊಂಡರೆ, ಮೂರನ್ನೂ ಗೆಲ್ಲುವ ಸಂಭವ ನೂರಕ್ಕೆ ಸುಮಾರು 13. ಬಿಡಿ ಪಂದ್ಯಗಳ ಸಂಭವವನ್ನು ಗುಣಿಸಬೇಕಾದಲ್ಲಿ ಮನಸ್ಸು ಅವುಗಳಲ್ಲಿ ಒಂದನ್ನೇ ಹಿಡಿದು ಮೂರಕ್ಕೂ ಅನ್ವಯಿಸುತ್ತದೆ.

ಆದುದರಿಂದ ಈ ಆಟದಲ್ಲಿ ಅಂದಾಜಿಗೆ ಸ್ವಭಾವತಃ ಬಲ ಕಡಿಮೆ. ಅಂದಾಜು ದುರ್ಬಲವಾದ ಕಡೆ ಆಶೆಗೆ ಎಡೆ ಹೆಚ್ಚು. ದುರ್ಬಲ ತಂಡದ ಅಭಿಮಾನಿಗೂ ನಾಲ್ಕರಲ್ಲಿ ಒಂದು ಪಾಲು ಗೆಲವಿನ ಅವಕಾಶ ಉಂಟು. ಅವನ ಆಶೆ ಹುಚ್ಚಲ್ಲ. ಕಾಲ್ಚೆಂಡಾಟ ಜಗತ್ತಿನಲ್ಲಿ ಇಷ್ಟು ಜನಪ್ರಿಯವಾಗಿರುವುದಕ್ಕೆ ಈ ಅನಿಶ್ಚಯವೂ ಒಂದು ಕಾರಣವಾಗಿರಬೇಕು. ಫಲ ಮೊದಲೇ ತಿಳಿದಿರುವ ಸ್ಪರ್ಧೆಯನ್ನು ಯಾರೂ ಕಾದು ಕುಳಿತು ನೋಡುವುದಿಲ್ಲ.

4. ಕರ್ನಾಟಕದಿಂದ ಮೂರು ದೃಷ್ಟಾಂತಗಳು

ಗಣಿತದ ಮಾತನ್ನು ಅನುಭವದೊಡನೆ ತಾಳೆನೋಡಲು ಬೆಂಗಳೂರಿನ ತಂಡದ ಇತಿಹಾಸ ಅನುಕೂಲವಾಗಿದೆ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷದಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಅಂಥ ಆರಂಭವು ಅಭಿಮಾನಿಗಳಲ್ಲಿ ಎಂಥ ನಿರೀಕ್ಷೆಯನ್ನು ನೆಟ್ಟಿತೆಂಬುದನ್ನು ಹೇಳಬೇಕಾಗಿಲ್ಲ. ಮರುವರ್ಷದ ಸ್ಪರ್ಧೆ ಕೊನೆಯ ದಿನದವರೆಗೂ ಇತ್ಯರ್ಥವಾಗಲಿಲ್ಲ. 2015ರ ಮೇ 31ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ಮೋಹನ್ ಬಾಗಾನ್ ಎದುರಾದುವು. ಬೆಂಗಳೂರಿಗೆ ಗೆಲವೇ ಬೇಕಾಗಿತ್ತು. ಎದುರಾಳಿಗೆ ಸಮಬಲವೇ ಸಾಕಾಗಿತ್ತು. ಮೊದಲರ್ಧದಲ್ಲಿ ಬೆಂಗಳೂರು ಒಂದು ಗೋಲಿನಿಂದ ಮುಂದಾಯಿತು. 87ನೆಯ ನಿಮಿಷದಲ್ಲಿ ಮೋಹನ್ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಗೋಲಾಯಿತು. ಪಂದ್ಯ 1-1, ಪ್ರಶಸ್ತಿ ಕಲ್ಕತ್ತೆಗೆ ಹೋಯಿತು.

ಎರಡನೆಯ ದೃಷ್ಟಾಂತ ಇನ್ನೂ ಬೋಧಪ್ರದವಾದುದು. 2017-18ರಲ್ಲಿ ಈ ತಂಡ ಮೊದಲ ಬಾರಿಗೆ ಇಂಡಿಯನ್ ಸೂಪರ್ ಲೀಗಿನಲ್ಲಿ ಆಡಿತು. 18 ಪಂದ್ಯಗಳಲ್ಲಿ 13ನ್ನು ಗೆದ್ದು 40 ಅಂಕಗಳಿಂದ ಮೊದಲ ಸ್ಥಾನದಲ್ಲಿ ನಿಂತಿತು. ಎರಡನೆಯ ಸ್ಥಾನದ ಚೆನ್ನೈಯಿನ್ ತಂಡಕ್ಕೆ ಇದ್ದದ್ದು 32 ಅಂಕ. 2018ರ ಮಾರ್ಚ್ 17ರಂದು ಬೆಂಗಳೂರಿನಲ್ಲಿಯೇ ಇವೆರಡರ ನಡುವೆ ಅಂತಿಮ ಪಂದ್ಯ ನಡೆಯಿತು. ತವರಿನ ಮೈದಾನ, ತವರಿನ ಜನ, ಎಂಟು ಅಂಕಗಳ ಅಂತರ ಎಲ್ಲವೂ ಗೆಲವಿನ ಕಡೆಗೇ ಬೆರಳು ತೋರಿಸುತ್ತಿದ್ದುವು. ಒಂಬತ್ತನೆಯ ನಿಮಿಷದಲ್ಲಿ ಸುನಿಲ್ ಛೆಟ್ರಿ ಗೋಲು ಹೊಡೆದಾಗ ನಿರೀಕ್ಷೆ ನಿಶ್ಚಯವಾಗಿ ಮಾರ್ಪಟ್ಟಿರಬೇಕು. ಪಂದ್ಯ ಮುಗಿದಾಗ ಚೆನ್ನೈಯಿನ್ 3, ಬೆಂಗಳೂರು 2.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಅದೇ ಚೆನ್ನೈಯಿನ್ ತಂಡವು ಅದೇ ಮೈದಾನದಲ್ಲಿ 2017ರ ಡಿಸೆಂಬರಿನಲ್ಲಿ ಬೆಂಗಳೂರನ್ನು 2-1ರಿಂದ ಸೋಲಿಸಿತ್ತು. ಈ ಸಂಗತಿ ಗುಟ್ಟಾಗಿರಲಿಲ್ಲ. ಅಂದಾಜಿಗೆ ಬೇಕಾದ ಸಾಮಗ್ರಿ ಎಲ್ಲರ ಮುಂದೆಯೂ ಇತ್ತು. ಆದರೆ ಮೂರು ತಿಂಗಳ ಗೆಲವುಗಳ ರಾಶಿಯ ಕೆಳಗೆ ಒಂದು ಸೋಲು ಹೂತುಹೋಗುವುದು ಸುಲಭ. ತನಗೆ ಪ್ರಿಯವಾದ ಸಾಕ್ಷ್ಯವನ್ನು ಮನಸ್ಸು ಎದುರಿಗಿಟ್ಟುಕೊಳ್ಳುತ್ತದೆ. ಅಪ್ರಿಯವಾದುದನ್ನು ಹಿತ್ತಲಿಗೆ ಸರಿಸುತ್ತದೆ.

ಮೂರನೆಯದು ಸಂತೋಷದ ದೃಷ್ಟಾಂತ. ಮರುವರ್ಷ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಅದೇ ತಂಡ ಗೋವಾ ತಂಡವನ್ನು ಎದುರಿಸಿತು. ನಿಗದಿತ ಸಮಯ ಗೋಲಿಲ್ಲದೆ ಕಳೆಯಿತು. ಹೆಚ್ಚುವರಿ ಸಮಯದಲ್ಲಿ, 117ನೆಯ ನಿಮಿಷದಲ್ಲಿ, ರಾಹುಲ್ ಭೇಕೆಯ ತಲೆಹೊಡೆತದಿಂದ ಬೆಂಗಳೂರು ಪ್ರಶಸ್ತಿಯನ್ನು ಪಡೆಯಿತು. ತವರಿನಲ್ಲಿ ಎಲ್ಲ ಅನುಕೂಲಗಳ ನಡುವೆ ಜಾರಿಹೋದದ್ದು ಪರಸ್ಥಳದಲ್ಲಿ ಕೊನೆಯ ಗಳಿಗೆಯಲ್ಲಿ ಕೈಸೇರಿತು. ಮೂರು ಪಂದ್ಯಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಒಂದೊಂದು ಗೋಲಿನ ಅಂತರ ಇಡೀ ವರ್ಷದ ನಿರೀಕ್ಷೆಯನ್ನು ಈ ಕಡೆಗೋ ಆ ಕಡೆಗೋ ಎಸೆದಿರುವುದು ಕಾಣುತ್ತದೆ.

ಇಂಥ ಅನುಭವ ನಮ್ಮ ನಾಡಿಗೆ ಮಾತ್ರ ಮೀಸಲಲ್ಲ. 1950ರ ವಿಶ್ವಕಪ್ ಸ್ಪರ್ಧೆಯ ಕೊನೆಯ ಪಂದ್ಯಕ್ಕೆ ಮುಂಚೆ ಬ್ರೆಜಿಲ್ ತಂಡ ಸ್ವೀಡನನ್ನು 7-1ರಿಂದಲೂ ಸ್ಪೇನನ್ನು 6-1ರಿಂದಲೂ ಸೋಲಿಸಿತ್ತು. ಉರುಗ್ವೆಯ ಎದುರು ಅದಕ್ಕೆ ಸಮಬಲವೇ ಸಾಕಾಗಿತ್ತು. ಜುಲೈ 16ರಂದು ರಿಯೊ ನಗರದ ಮಾರಕಾನ ಕ್ರೀಡಾಂಗಣದಲ್ಲಿ ಸುಮಾರು ಎರಡು ಲಕ್ಷ ಜನರ ಎದುರಿಗೆ ಉರುಗ್ವೆ 2-1ರಿಂದ ಗೆದ್ದಿತು. ಆ ಸೋಲನ್ನು ಬ್ರೆಜಿಲಿನ ಜನ ತಲೆಮಾರುಗಳ ಕಾಲ ಮರೆಯಲಿಲ್ಲ.

5. ದೂರದ ಅಭಿಮಾನಿ

ಈಗ ಕಲಬುರಗಿಯ ಕಡೆಗೆ ಬರೋಣ. ಕಂಠೀರವ ಕ್ರೀಡಾಂಗಣ ಇಲ್ಲಿಂದ ಸುಮಾರು ಆರುನೂರು ಕಿಲೋಮೀಟರ್ ದೂರ. ರಾಷ್ಟ್ರದ ಉನ್ನತ ಲೀಗಿನಲ್ಲಿ ಕಲಬುರಗಿಯ ಹೆಸರಿನ ತಂಡ ಆಡಿಲ್ಲ. ಇಲ್ಲಿಯ ಅಭಿಮಾನಿಗೆ 'ನಮ್ಮ ತಂಡ' ಎಂಬ ಮಾತಿನಲ್ಲಿರುವ 'ನಮ್ಮ' ಎಂಬುದು ಕಟ್ಟಿಕೊಂಡ ಸಂಬಂಧವೇ ಹೊರತು ಊರಿನಿಂದ ತಾನಾಗಿ ಬಂದ ಸಂಬಂಧವಲ್ಲ.

ಇತಿಹಾಸವೂ ಈ ಸಂಬಂಧವನ್ನು ಒಮ್ಮೆ ಅದಲುಬದಲು ಮಾಡಿದೆ. 1956ರ ನವೆಂಬರ್ 1ರವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿತ್ತು. ಆಗಿನ ಹೈದರಾಬಾದ್ ಭಾರತದ ಕಾಲ್ಚೆಂಡಾಟದ ಒಂದು ರಾಜಧಾನಿ. ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ಪನ್ನು ಗೆದ್ದಿತು. ಅದೇ ರಹೀಮರು ಶಿಕ್ಷಕರಾಗಿದ್ದ ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನೂ 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನೂ ಪಡೆಯಿತು. ರಾಜ್ಯಗಳ ಪುನರ್ವಿಂಗಡಣೆಯಾದ 1956-57ರಲ್ಲಿಯೂ ಅದರ ಮುಂದಿನ ವರ್ಷದಲ್ಲಿಯೂ ಸಂತೋಷ್ ಟ್ರೋಫಿ ಹೈದರಾಬಾದಿಗೆ ಸಂದಿತು. ಅಷ್ಟರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ನಕ್ಷೆಯ ಪ್ರಕಾರ ನೋಡಿದರೆ, ಹಿಂದಿನ ವರ್ಷದ ಸ್ವಂತ ರಾಜ್ಯದ ತಂಡ ಈಗ ನೆರೆರಾಜ್ಯದ ತಂಡ. ಮೈಸೂರು ತಂಡವೂ ಹೆಸರಿಲ್ಲದ ತಂಡವಾಗಿರಲಿಲ್ಲ. 1946-47 ಮತ್ತು 1952-53ರಲ್ಲಿ ಆ ಟ್ರೋಫಿಯನ್ನು ಗೆದ್ದಿತ್ತು, ಆಮೇಲೆ 1967-68 ಮತ್ತು 1968-69ರಲ್ಲಿ ಮತ್ತೆ ಗೆದ್ದಿತು. ಅಲ್ಲಿಂದ ಮುಂದಿನ ಗೆಲವಿಗೆ ಕರ್ನಾಟಕ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಟ್ರೋಫಿಯನ್ನು ಮರಳಿ ಪಡೆಯಿತು. ಐದು ದಶಕಗಳ ಕಾಲ ಉಳಿಯುವ ನಿರೀಕ್ಷೆಯಲ್ಲಿ ಅಂದಾಜಿನ ಪಾಲು ಬಹಳ ಸ್ವಲ್ಪ. ಅದರ ಹೆಚ್ಚಿನ ಪಾಲು ನೆನಪು.

ದೂರದ ಅಭಿಮಾನಿಯ ನಿರೀಕ್ಷೆಯಲ್ಲಿ ಮೂರು ವಿಶೇಷಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಅವನು ತಂಡವನ್ನು ಆರಿಸಿಕೊಳ್ಳಬಲ್ಲನು. ದೂರದರ್ಶನ ಮತ್ತು ಮೊಬೈಲಿನ ಮೂಲಕ ಬಾರ್ಸಿಲೋನವಾಗಲಿ ಮ್ಯಾಂಚೆಸ್ಟರಾಗಲಿ ಅರ್ಜೆಂಟೀನವಾಗಲಿ ಅವನಿಗೆ ಬೆಂಗಳೂರಿನಷ್ಟೇ ಹತ್ತಿರ. ಆರಿಸಿಕೊಳ್ಳುವವನು ಸಹಜವಾಗಿ ಗೆದ್ದವರನ್ನೇ ಆರಿಸಿಕೊಳ್ಳುತ್ತಾನೆ. ಹೀಗೆ ಗೆಲವಿನಿಂದಲೇ ಆರಂಭವಾದ ಅಭಿಮಾನಕ್ಕೆ ಸೋಲನ್ನು ಎಣಿಕೆಗೆ ತಂದುಕೊಳ್ಳುವ ಅಭ್ಯಾಸವಿರುವುದಿಲ್ಲ. 2022ರ ನವೆಂಬರ್ 22ರಂದು, ಅದಕ್ಕೆ ಮುಂಚೆ 36 ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಅರ್ಜೆಂಟೀನವನ್ನು ಸೌದಿ ಅರೇಬಿಯ 2-1ರಿಂದ ಸೋಲಿಸಿದಾಗ ಜಗತ್ತಿನ ಅನೇಕ ಕಡೆ ಇದ್ದ ಅಂಥ ಅಭಿಮಾನಿಗಳಿಗೆ ಆದ ಆಘಾತವನ್ನು ನೆನೆಯಬಹುದು. ಅದೇ ಅರ್ಜೆಂಟೀನ ಡಿಸೆಂಬರ್ 18ರಂದು ವಿಶ್ವಕಪ್ಪನ್ನು ಗೆದ್ದದ್ದು ಆಘಾತಗೊಂಡವರ ಅಂದಾಜೂ ಅಷ್ಟೇ ದುರ್ಬಲವೆಂಬುದನ್ನು ತೋರಿಸಿತು.

ಎರಡನೆಯದಾಗಿ, ಅವನಿಗೆ ದೊರೆಯುವ ಮಾಹಿತಿ ಸೋಸಿ ಬಂದುದು. ಮೈದಾನದಲ್ಲಿ ಕುಳಿತವನು ಎಡವಿದ ಹೆಜ್ಜೆಗಳನ್ನೂ ಕೈತಪ್ಪಿದ ಅವಕಾಶಗಳನ್ನೂ ತೊಂಬತ್ತು ನಿಮಿಷ ನೋಡುತ್ತಾನೆ. ದೂರದವನಿಗೆ ಅನೇಕ ವೇಳೆ ಗೋಲುಗಳ ತುಣುಕು ಮಾತ್ರ ದೊರೆಯುತ್ತದೆ. ಯೂರೋಪಿನ ದೊಡ್ಡ ಪಂದ್ಯಗಳಲ್ಲಿ ಹಲವು ನಮ್ಮಲ್ಲಿ ನಡುರಾತ್ರಿ ಕಳೆದ ಮೇಲೆ ನಡೆಯುತ್ತವೆ. ಬೆಳಿಗ್ಗೆ ಎದ್ದು ಸಾರಾಂಶವನ್ನು ನೋಡಿದವನಿಗೆ ತಂಡದ ಚಮತ್ಕಾರ ಕಾಣುತ್ತದೆಯೇ ಹೊರತು ಪರದಾಟ ಕಾಣುವುದಿಲ್ಲ.

ಮೂರನೆಯದಾಗಿ, ಅವನ ನಿರೀಕ್ಷೆಗೆ ಪರಿಣಾಮದ ಮೇಲೆ ಹಿಡಿತವಿಲ್ಲ. ತವರಿನ ಜನಸಂದಣಿಯಿಂದ ತಂಡಕ್ಕೆ ಒಂದಿಷ್ಟು ಪ್ರಯೋಜನವುಂಟು. 2020ರ ಸಾಂಕ್ರಾಮಿಕದ ಕಾಲದಲ್ಲಿ ಬರಿದಾದ ಕ್ರೀಡಾಂಗಣಗಳಲ್ಲಿ ಪಂದ್ಯಗಳು ನಡೆದಾಗ ಆ ಅನುಕೂಲ ಕುಗ್ಗಿದುದನ್ನು ಹಲವು ಅಧ್ಯಯನಗಳು ತೋರಿಸಿವೆ. ಕಮಲಾಪುರದಲ್ಲಿ ಕುಳಿತು ಕೂಗಿದವನ ಕೂಗು ಮೈದಾನಕ್ಕೆ ಮುಟ್ಟುವುದಿಲ್ಲ. ಆದರೂ ಕಳೆದ ಗೆಲವಿನ ದಿನ ತೊಟ್ಟ ಅಂಗಿಯನ್ನೇ ತೊಡುವುದು, ಕುಳಿತ ಜಾಗದಲ್ಲಿಯೇ ಕುಳಿತುಕೊಳ್ಳುವುದು ಮುಂತಾದ ಆಚರಣೆಗಳು ಎಲ್ಲ ದೇಶದ ಅಭಿಮಾನಿಗಳಲ್ಲಿಯೂ ಕಂಡುಬರುತ್ತವೆ. ಕೈಗೆಟುಕದ ವಿಷಯವನ್ನು ಕೈಯಲ್ಲಿ ಹಿಡಿದಿದ್ದೇನೆಂಬ ಈ ಭಾವನೆಯನ್ನು ಎಲೆನ್ ಲ್ಯಾಂಗರ್ 1975ರಲ್ಲಿ ನಿಯಂತ್ರಣದ ಭ್ರಮೆ ಎಂದು ಕರೆದು ವಿವರಿಸಿದರು.

6. ನಿರೀಕ್ಷೆ ಮುರಿದಾಗ

ಇದೆಲ್ಲ ಆಟದ ಮಾತಲ್ಲವೆ, ಇದರಿಂದ ಕೆಡುಕೇನು ಎಂದು ಕೇಳಬಹುದು. ಕೆಡುಕು ಸೋಲಿನಲ್ಲಿಲ್ಲ, ನಿರೀಕ್ಷೆಗೂ ಸೋಲಿಗೂ ನಡುವಿನ ಅಂತರದಲ್ಲಿದೆ. ಬ್ರಿಟನ್ನಿನ ಅಭಿಮಾನಿಗಳ ಮನಃಸ್ಥಿತಿಯನ್ನು ಮೊಬೈಲಿನ ಮೂಲಕ ಕಾಲಕಾಲಕ್ಕೆ ದಾಖಲಿಸಿಕೊಂಡು ಡಾಲ್ಟನ್ ಮತ್ತು ಮೆಕೆರಾನ್ ಎಂಬ ಅರ್ಥಶಾಸ್ತ್ರಜ್ಞರು 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸೋಲಿನಿಂದಾಗುವ ದುಃಖ ಗೆಲವಿನಿಂದಾಗುವ ಸುಖಕ್ಕಿಂತ ಸುಮಾರು ಎರಡು ಪಟ್ಟು ಎಂದು ಅವರಿಗೆ ಕಂಡುಬಂದಿತು. ಹಾಗಿದ್ದರೆ ಲಾಭಕ್ಕಿಂತ ನಷ್ಟವೇ ಹೆಚ್ಚಾದ ಈ ವ್ಯವಹಾರವನ್ನು ಅಭಿಮಾನಿ ಏಕೆ ಬಿಡುವುದಿಲ್ಲ ಎಂಬುದು ಅವರು ಎತ್ತಿದ ಪ್ರಶ್ನೆ. ಅದಕ್ಕೆ ಉತ್ತರದ ಒಂದು ಭಾಗ, ಮುಂದಿನ ಪಂದ್ಯವನ್ನು ಕುರಿತ ಅತಿಯಾದ ಭರವಸೆಯಲ್ಲಿಯೇ ಇರುವಂತೆ ತೋರುತ್ತದೆ.

ಇದಕ್ಕಿಂತ ಗಂಭೀರವಾದುದು ಇನ್ನೊಂದು ಅಧ್ಯಯನ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಪಂದ್ಯಗಳ ಫಲಿತಾಂಶವನ್ನೂ ಪೊಲೀಸ್ ದಾಖಲೆಗಳನ್ನೂ ಜೋಡಿಸಿ ಕಾರ್ಡ್ ಮತ್ತು ಡಾಲ್ ಎಂಬವರು 2011ರಲ್ಲಿ ಅದನ್ನು ಪ್ರಕಟಿಸಿದರು. ಗೆಲ್ಲುವುದೆಂದು ಎಣಿಸಿದ್ದ ಸ್ಥಳೀಯ ತಂಡ ಸೋತ ದಿನ, ಮನೆಗಳಲ್ಲಿ ಗಂಡಸರು ತಮ್ಮ ಸಂಗಾತಿ ಹೆಂಗಸರ ಮೇಲೆ ಕೈಮಾಡಿದ ಪ್ರಕರಣಗಳು ನೂರಕ್ಕೆ ಸುಮಾರು ಹತ್ತರಷ್ಟು ಏರಿದುವು. ಸಮಬಲದ ಪೈಪೋಟಿ ಎಂದು ಮೊದಲೇ ತಿಳಿದಿದ್ದ ಪಂದ್ಯದಲ್ಲಿ ಸೋತಾಗ ಅಂಥ ಏರಿಕೆ ಕಾಣಲಿಲ್ಲ. ಅನಿರೀಕ್ಷಿತವಾದ ಗೆಲವಿನಿಂದ ಅದಕ್ಕೆ ಸರಿಸಮನಾದ ಇಳಿಕೆಯೂ ಆಗಲಿಲ್ಲ. ಆ ಆಟ ಬೇರೆ, ಆ ಸಮಾಜ ಬೇರೆ ಎಂಬುದನ್ನು ಒಪ್ಪಿಕೊಂಡರೂ ತತ್ತ್ವ ಬೇರೆಯಾಗುವುದಿಲ್ಲ. ಒಂದೇ ಸೋಲು ಒಬ್ಬನಿಗೆ ಸಹಿಸಬಹುದಾದ ಸಂಗತಿ, ಇನ್ನೊಬ್ಬನಿಗೆ ಅವಮಾನ. ಎರಡರ ನಡುವಣ ವ್ಯತ್ಯಾಸ ಪಂದ್ಯಕ್ಕೆ ಮುಂಚೆ ಅವರು ಕಟ್ಟಿಕೊಂಡ ನಿರೀಕ್ಷೆಯಲ್ಲಿದೆ. ಆ ಅವಮಾನದ ಬೆಲೆಯನ್ನು, ಪಂದ್ಯವನ್ನೇ ನೋಡದೆ ಅಡುಗೆಮನೆಯಲ್ಲಿದ್ದವಳು ತೆರಬೇಕಾಗುವುದುಂಟು.

ಮತ್ತೊಂದು ಅಪಾಯ ಹಣದ್ದು. ನಿರೀಕ್ಷೆಯನ್ನು ಪಣವಾಗಿ ಮಾರ್ಪಡಿಸುವ ವ್ಯಾಪಾರ ಮೊಬೈಲಿನ ಮೂಲಕ ವಿದ್ಯಾರ್ಥಿಗಳ ಕೋಣೆಯವರೆಗೂ ಬಂದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಶಾಸನ ಅಂಗಡಿಯನ್ನು ಮುಚ್ಚಿಸಬಲ್ಲುದು. ತನ್ನ ಊಹೆ ತಪ್ಪಲಾರದೆಂಬ ನಂಬಿಕೆಯನ್ನು ಮುಚ್ಚಿಸಲಾರದು. ಆ ಕೆಲಸ ಶಿಕ್ಷಣದ್ದು.

ನಿರೀಕ್ಷೆ ಫಲಿಸಿದ ದಿನ ಮತ್ತು ಮುರಿದ ದಿನ ಅಭಿಮಾನಿಯ ಭಾಷೆ ಬದಲಾಗುವುದೂ ಕುತೂಹಲಕರ. ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಿಶ್ವವಿದ್ಯಾನಿಲಯದ ತಂಡ ಗೆದ್ದ ಬಳಿಕ ವಿದ್ಯಾರ್ಥಿಗಳು ಅದರ ಲಾಂಛನದ ಉಡುಪನ್ನು ಹೆಚ್ಚಾಗಿ ತೊಟ್ಟುಬರುವುದೂ, 'ನಾವು' ಎಂಬ ಸರ್ವನಾಮವನ್ನು ಹೆಚ್ಚಾಗಿ ಬಳಸುವುದೂ ಕಂಡುಬಂದಿತು. 'ನಾವು ಗೆದ್ದೆವು', ಆದರೆ 'ಅವರು ಸೋತರು'. ಕನ್ನಡದ ಅಭಿಮಾನಿಯ ಬಾಯಲ್ಲಿಯೂ ಈ ಸರ್ವನಾಮಗಳ ಪಲ್ಲಟವನ್ನು ಕಿವಿಗೊಟ್ಟರೆ ಕೇಳಬಹುದು.

7. ನಿರೀಕ್ಷೆಯನ್ನು ಅಳೆಯುವ ಒಂದು ಬಗೆ

ಆಶೆಯನ್ನು ಅಳಿಸಿಹಾಕಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ಆಶೆಯಿಲ್ಲದ ಅಭಿಮಾನಿ ಬರಿಯ ಗುಮಾಸ್ತ. ಆಶೆಯನ್ನೂ ಅಂದಾಜನ್ನೂ ಬೇರೆ ಬೇರೆ ಬುಟ್ಟಿಗಳಲ್ಲಿ ಇಡುವುದನ್ನು ಕಲಿಯಬೇಕೆಂಬುದಷ್ಟೇ ಇಲ್ಲಿಯ ಸೂಚನೆ. ಇದಕ್ಕೆ ಸರಳವಾದ ಉಪಾಯವೊಂದು ಹವಾಮಾನಶಾಸ್ತ್ರದಿಂದ ದೊರೆಯುತ್ತದೆ. ಮಳೆಯ ಮುನ್ಸೂಚನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಅಳೆಯಲು ಗ್ಲೆನ್ ಬ್ರಯರ್ ಎಂಬವನು 1950ರಲ್ಲಿ ಒಂದು ಮಾನವನ್ನು ಸೂಚಿಸಿದನು. ಅದನ್ನು ಪಂದ್ಯಕ್ಕೂ ಅನ್ವಯಿಸಬಹುದು.

ಪಂದ್ಯಕ್ಕೆ ಮುಂಚೆ ವಿದ್ಯಾರ್ಥಿ ತನ್ನ ತಂಡ ಗೆಲ್ಲುವ ಸಂಭವವನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಾಗಿ ಬರೆದಿಡಲಿ. ತಂಡ ಗೆದ್ದರೆ ಫಲ 1, ಗೆಲ್ಲದಿದ್ದರೆ 0. ಬರೆದ ಸಂಖ್ಯೆಗೂ ಫಲಕ್ಕೂ ಇರುವ ವ್ಯತ್ಯಾಸದ ವರ್ಗವೇ ಆ ದಿನದ ದಂಡ. ಹಲವು ಪಂದ್ಯಗಳ ದಂಡದ ಸರಾಸರಿ ಕಡಿಮೆಯಾದಷ್ಟೂ ಅಂದಾಜು ಉತ್ತಮ. ಪ್ರತಿ ಪಂದ್ಯಕ್ಕೂ 0.9 ಎಂದು ಬರೆಯುವ ಭರವಸೆಯ ಅಭಿಮಾನಿ ಗೆದ್ದ ದಿನ 0.01ರಷ್ಟು, ಗೆಲ್ಲದ ದಿನ 0.81ರಷ್ಟು ದಂಡ ತೆರುತ್ತಾನೆ. ತಂಡ ಇಪ್ಪತ್ತರಲ್ಲಿ ಹತ್ತು ಪಂದ್ಯಗಳನ್ನು ಗೆದ್ದರೆ ಅವನ ಸರಾಸರಿ 0.41. ಪ್ರತಿ ಸಲವೂ 0.5 ಎಂದು ಬರೆದವನ ಸರಾಸರಿ 0.25. ಏನೂ ತಿಳಿಯದೆ ಅರ್ಧಕ್ಕರ್ಧ ಎಂದವನು, ಎಲ್ಲವನ್ನೂ ತಿಳಿದೆನೆಂದವನಿಗಿಂತ ಮುಂದಿರುತ್ತಾನೆ. ತನ್ನ ಕೈಬರಹದಲ್ಲಿಯೇ ಈ ಫಲವನ್ನು ಕಂಡ ವಿದ್ಯಾರ್ಥಿಗೆ ಉಪನ್ಯಾಸ ಬೇಕಾಗುವುದಿಲ್ಲ.

ಕಲಬುರಗಿಯ ಮತ್ತು ಕಮಲಾಪುರದ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಬೋಧಿಸುವವರು ಇದನ್ನು ಒಂದು ಅಭ್ಯಾಸವಾಗಿ ಕೈಗೊಳ್ಳಬಹುದು. ಒಂದು ನೋಟ್‌ಬುಕ್ಕು ಮತ್ತು ಒಂದು ಋತುವಿನ ಪಂದ್ಯಗಳ ಪಟ್ಟಿ ಇವಿಷ್ಟೇ ಬೇಕಾದ ಸಾಮಗ್ರಿ. ಎರಡು ಅಂಕಣಗಳಿರಲಿ: 'ಗೆಲ್ಲಬಹುದು' ಎಂಬುದಕ್ಕೆ ಒಂದು, 'ಗೆಲ್ಲಲಿ' ಎಂಬುದಕ್ಕೆ ಇನ್ನೊಂದು. ಎರಡರಲ್ಲಿಯೂ ಸಂಖ್ಯೆಗಳನ್ನು ಬರೆಯುತ್ತ ಹೋದರೆ ಅವುಗಳ ನಡುವಿನ ಅಂತರ ಯಾವ ಪಂದ್ಯಗಳ ಮುಂಚೆ ಅಳಿಸಿಹೋಗುತ್ತದೆಂಬುದು ಗೊತ್ತಾಗುತ್ತದೆ. ಅಂಥ ಪಂದ್ಯಗಳೇ ಅಪಾಯದ ಪಂದ್ಯಗಳು.

8. ಉಪಸಂಹಾರ

ಮೇಲಿನ ವಿವೇಚನೆಯನ್ನು ಹೀಗೆ ಸಂಗ್ರಹಿಸಬಹುದು. ಪಂದ್ಯಪೂರ್ವದ ನಿರೀಕ್ಷೆ ಅಂದಾಜು ಮತ್ತು ಆಶೆಗಳ ಮಿಶ್ರಣ. ಗೋಲುಗಳ ವಿರಳತೆಯಿಂದಾಗಿ ಕಾಲ್ಚೆಂಡಾಟದಲ್ಲಿ ಅಂದಾಜು ದುರ್ಬಲವಾಗಿಯೂ ಆಶೆ ಪ್ರಬಲವಾಗಿಯೂ ಇರುತ್ತದೆ. ನೋವಿನ ಅಳತೆ ಸೋಲಿನಿಂದಲ್ಲ, ನಿರೀಕ್ಷೆಯಿಂದ ಗೊತ್ತಾಗುತ್ತದೆ. ದೂರದ ಅಭಿಮಾನಿಗೆ ಮಾಹಿತಿ ಸೋಸಿ ಬರುವುದರಿಂದ ಅವನ ಅಂದಾಜು ಇನ್ನೂ ದುರ್ಬಲ. ಆದರೆ ದೂರಕ್ಕೆ ತನ್ನದೇ ಆದ ಅನುಕೂಲವೂ ಉಂಟು. ಜನಸಂದಣಿಯ ಅಬ್ಬರ ಅವನನ್ನು ಎಳೆದೊಯ್ಯುವುದಿಲ್ಲ. ಪಂದ್ಯಕ್ಕೆ ಮುಂಚೆ ಕುಳಿತು ಲೆಕ್ಕ ಹಾಕಲು ಅವನಿಗೆ ಬಿಡುವಿದೆ. ತೊಗರಿಯ ಸಾಲುಗಳ ನಡುವೆ ಹೆಸರನ್ನು ಬಿತ್ತುವ ನಾಡಿನಲ್ಲಿ ಈ ಬಗೆಯ ಎಚ್ಚರ ಹೊಸದೇನೂ ಅಲ್ಲ. ಮಳೆಯ ವಿಷಯದಲ್ಲಿ ತಲೆತಲಾಂತರದಿಂದ ರೂಢಿಯಲ್ಲಿರುವ ವಿವೇಕವನ್ನು ಆಟದ ವಿಷಯಕ್ಕೂ ವಿಸ್ತರಿಸಿದರೆ, ಗೆದ್ದ ದಿನದ ಸಂತೋಷ ಕಡಿಮೆಯಾಗದು, ಸೋತ ದಿನ ಮನೆಯವರು ಬೆದರಬೇಕಾಗದು.